ಗಗ್ಗರ ಶೋಕೇಸಿನ ಸಾಮಾನಲ್ಲ

ಊರಿನಿಂದ ಯಾರೇ ಬಂದರೂ ನಾನು ಅವರನ್ನು ಮನಾಮಾದ ಕಡಲ ದಂಡೆಯಲ್ಲಿರುವ ಬಹರೇನ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ತಾಮ್ರದ ಗೂಳಿಯ ತಲೆಯೊಂದನ್ನು ತೋರಿಸುತ್ತೇನೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಉತ್ಖನನಕಾರರು ಬಾರ್ಬರ್ ದೇವಾಲಯದ ನೆಲದಿಂದ ತೆಗೆದದ್ದು. ಸುಮಾರು 4,000 ವರ್ಷ ಹಳೆಯದು. ಅದನ್ನು ಮಾಡಿದವನ ಹೆಸರು ಉಳಿದಿಲ್ಲ, ಆ ದೇವಾಲಯದ ಆರಾಧನೆಯೂ ಉಳಿದಿಲ್ಲ. ಗಾಜಿನ ಪೆಟ್ಟಿಗೆಯೇ ಅದಕ್ಕೀಗ ಸರಿಯಾದ ಜಾಗ.

ತುಳುನಾಡಿನ ದೈವಗಳ ಮುಗ, ಕಡ್ಸಲೆ, ಗಗ್ಗರಗಳಿಗೆ ಅದು ಜಾಗವಲ್ಲ. ಅವು ಇನ್ನೂ ಜೀವಂತ. ಆದರೂ ಗಲ್ಫಿನ ನಮ್ಮ ಫ್ಲ್ಯಾಟುಗಳ ಗೋಡೆಗೆ, ಶೋಕೇಸಿಗೆ ಅವನ್ನು ತಂದು, ಸಂಸ್ಕೃತಿಯನ್ನು ಉಳಿಸಿದೆವೆಂದು ಬೀಗುತ್ತೇವೆ. ಬೇರೆಯವರನ್ನೇಕೆ ದೂರಲಿ? ನಾನೇ ವ್ಯಾಪಾರಿಯೊಬ್ಬನಿಂದ ಒಂದು ಜೊತೆ ಹಳೆಯ ಗಗ್ಗರ ಕೊಂಡು ಟಿ.ವಿ. ಪಕ್ಕ ಇಟ್ಟಿದ್ದೆ. ವಿಸಿಟ್ ವೀಸಾದಲ್ಲಿ ಬಂದ ಅಮ್ಮ ಅದನ್ನು ನೋಡಿದವರೇ, "ಇದು ಯಾವ ಗುತ್ತಿನದ್ದು ಮಗಾ?" ಎಂದರು. ನನಗೆ ಗೊತ್ತಿದ್ದದ್ದು ಅದರ ಬೆಲೆ ಮಾತ್ರ. ಅಮ್ಮ ಇದ್ದಷ್ಟು ದಿನ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿಟ್ಟರು.

ಗಗ್ಗರವೆಂದರೆ ಒಳಗೆ ಲೋಹದ ಗುಂಡುಗಳಿರುವ ಟೊಳ್ಳು ಬಳೆ. ಅಷ್ಟೇ ಎಂದು ನಾನೂ ತಿಳಿದಿದ್ದೆ. ಆದರೆ ಎಣ್ಣೆ ಬೂಳ್ಯ ಪಡೆದ ಪಂಬದ, ಪರವ, ನಲಿಕೆ ಸಮುದಾಯದ ಕಲಾವಿದ, ನೆರೆದವರ ಒಪ್ಪಿಗೆ ಕೇಳಿದ ಮೇಲೆಯೇ ಅದನ್ನು ಕಾಲಿಗೆ ಕಟ್ಟುತ್ತಾನೆ. ಭಂಡಾರದಿಂದ ಮೆರವಣಿಗೆಯಲ್ಲಿ ಬಂದ ವಸ್ತು ಕೋಲ ಮುಗಿದ ಮೇಲೆ ಭಂಡಾರಕ್ಕೇ ಮರಳುತ್ತದೆ. ಅದು ಯಾರೊಬ್ಬರ ಸೊತ್ತೂ ಅಲ್ಲ.

ಕುಶಲತೆಯನ್ನು ಮೆಚ್ಚಿ ಕೊಳ್ಳುತ್ತೇವೆ ಎನ್ನುವವರಿಗೆ ಒಂದು ಮಾತು. ಕೋಲದ ಕುಶಲತೆ ಕಂಚಿನಲ್ಲಿ ಮಾತ್ರ ಇಲ್ಲ. ಎಳೆಯ ತೆಂಗಿನ ಗರಿಯನ್ನು ಸೀಳಿ ಹೆಣೆಯುವ ಸಿರಿ, ಅಡಕೆ ಹಾಳೆಯ ಕೆಲಸ, ಅರದಾಳ ತೇದು ಬರೆಯುವ ಮುಖವರ್ಣಿಕೆ, ಇವೆಲ್ಲ ಒಂದು ರಾತ್ರಿಗಾಗಿ ಹುಟ್ಟಿ ಬೆಳಗಾಗುವಷ್ಟರಲ್ಲಿ ಮುಗಿಯುತ್ತವೆ. ಅವನ್ನು ಸೂಟ್‌ಕೇಸಿನಲ್ಲಿ ತರಲಾಗದು. ಹಾಗಾಗಿ ಅವಕ್ಕೆ ನಮ್ಮಲ್ಲಿ ಗಿರಾಕಿಗಳಿಲ್ಲ. ನಾವು ಮೆಚ್ಚುವುದು ಕುಶಲತೆಯನ್ನಲ್ಲ, ಹಳತನವನ್ನು.

"ನಾವು ಕೊಳ್ಳದಿದ್ದರೆ ಗುಜರಿಗೆ ಹೋಗಿ ಕರಗುತ್ತಿತ್ತಲ್ಲ?" ಎನ್ನುತ್ತಾರೆ ಗೆಳೆಯರು. ಕೆಲವು ಹಾಗೆ ಕರಗಿರಲೂಬಹುದು. ಆದರೆ ಕೊಳ್ಳುವವರಿದ್ದಾರೆಂದು ಗೊತ್ತಾದ ಮೇಲೆಯೇ ಭಂಡಾರದ ಬೀಗಕ್ಕೂ ಬೆಲೆ ಬರುವುದು. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ ಎನ್ನುತ್ತದೆ 1972ರ ಪುರಾವಸ್ತು ಕಾಯ್ದೆ. ನನ್ನ ಗಗ್ಗರ ಎಷ್ಟು ಹಳೆಯದೆಂದು ಕೊಳ್ಳುವಾಗ ನಾನು ಕೇಳಲೇ ಇಲ್ಲ.

ಉಳಿಸುವುದು ಹೇಗೆಂದು ತಿಳಿಯಬೇಕಾದವರು ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿಗೆ ಹೋಗಿ ಬರಲಿ. ಅಲ್ಲಿನ ಹಳೆಯ ಮರದ ದೈವಮೂರ್ತಿಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಆದರೆ ಊರು ಬರಿದಾಗಲಿಲ್ಲ. ಹೊಸ ಮೂರ್ತಿಗಳನ್ನು ಕೆತ್ತಿದರು, ಪೂಜೆ ನಡೆಯುತ್ತಿದೆ. ಕೆತ್ತುವ ಕೈ ಇದ್ದರೆ ಮೂರ್ತಿ ಮತ್ತೆ ಬರುತ್ತದೆ. ಆ ಕೈಯೇ ಇಲ್ಲವಾದರೆ ಉಳಿಯುವುದು ಬಾರ್ಬರಿನ ಗೂಳಿ.

ಹೊರನಾಡ ಬಂಧುಗಳೇ, ಗೋಡೆ ಖಾಲಿ ಕಾಣುತ್ತಿದ್ದರೆ ಒಂದು ಚಿತ್ರ ತೂಗುಹಾಕಿ. ಹಣವಿದ್ದರೆ ನಿಮ್ಮೂರಿನ ದೈವಸ್ಥಾನಕ್ಕೆ ಹೊಸ ಮುಗವೊಂದನ್ನು ಮಾಡಿಸಿಕೊಡಿ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಕಂಚು ಹೊಯ್ದು, ಕೊನೆಗೆ ಅಚ್ಚನ್ನೇ ಒಡೆಯುವ ಆ ಎರಕದವನ ಮಗನೂ ಅದೇ ಕಸುಬಿನಲ್ಲಿ ಉಳಿಯುವಷ್ಟು ಕೂಲಿ ಕೊಡಿ.

ನನ್ನ ಗಗ್ಗರ ಈಗ ಕಪಾಟಿನಲ್ಲಿದೆ, ಅಮ್ಮನ ಬಿಳಿ ಬಟ್ಟೆಯಲ್ಲೇ. ಹಿಂತಿರುಗಿಸಬೇಕೆಂದಿದ್ದೇನೆ. ಯಾವ ಗುತ್ತಿಗೆಂದು ತಿಳಿಯದು. ಕೊಳ್ಳುವ ದಿನವೇ ಕೇಳಬೇಕಿತ್ತು.