ಕೊಂಡಿ ಕೇಳುವ ಕಾಗದ

ಪೊಳ್ಳಾಚಿಯಿಂದ ಪಳನಿಗೆ ಹೋಗುವ ದಾರಿಯಲ್ಲಿ ಸಿಗುವ ಉಡುಮಲೈಪೇಟೆ ಒಂದು ತಾಲೂಕು ಕೇಂದ್ರ. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಗುವವರೆಗೆ ಅದು ಕೊಯಮತ್ತೂರಿಗೆ ಸೇರಿತ್ತು. ಆ ಊರಿನ ಹೆಸರು ದೂರದ ತಮಿಳು ಓದುಗರಿಗೂ ಪರಿಚಿತವಾಗಿರುವುದಕ್ಕೆ ಪುಸ್ತಕವೂ ಒಂದು ಕಾರಣ. ಉಡುಮಲೈ ಡಾಟ್ ಕಾಮ್ ಎಂಬ ಅಂತರ್ಜಾಲ ಮಳಿಗೆ ಅಲ್ಲಿಂದಲೇ ತಮಿಳು ಪುಸ್ತಕಗಳನ್ನು ಮಾರುತ್ತದೆ. ತಮಿಳಿನ ಲೇಖಕರು ತಮ್ಮ ಜಾಲತಾಣಗಳಲ್ಲಿ ಪುಸ್ತಕವೊಂದರ ಬಗ್ಗೆ ಬರೆದಾಗ ಅದು ಸಿಗುವ ಮಳಿಗೆಯ ಕೊಂಡಿಯನ್ನೂ ಕೊಡುವುದುಂಟು. ಓದುಗ ಆ ಕೊಂಡಿ ಹಿಡಿದು ಅಂಗಡಿಯ ಬಾಗಿಲಿಗೆ ಬರುತ್ತಾನೆ.

ಅದೇ ಸೀಮೆಯಲ್ಲಿ, ಕೊಂಗುನಾಡಿನ ಉದ್ದಗಲಕ್ಕೂ, ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರ ಕುಟುಂಬಗಳಿವೆ. ಕುಲದೇವತೆ ಚೌಡೇಶ್ವರಿ, ಆಡುವ ಮಾತು ಕನ್ನಡ, ಓದುವ ಲಿಪಿ ತಮಿಳು. ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದ ನಾಡಿನ ತೆಂಕಣ ಗೆರೆಯ ಆಚೆಗೆ ಬಾಳುತ್ತಿರುವ ಕನ್ನಡವಿದು. ಕನ್ನಡ ಐಚ್ಛಿಕ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇಂಥ ಮನೆಯ ಅಜ್ಜಿಯೊಬ್ಬರ ಮಾತನ್ನು ಧ್ವನಿಮುದ್ರಿಸಿ, ಮಗ್ಗದ ಕೆಲಸದ ಪದಗಳನ್ನು ಅರ್ಥಸಹಿತ ಜೋಡಿಸಿ, ಜಾಲತಾಣವೊಂದನ್ನು ಮಾಡಿದಳೆಂದು ಇಟ್ಟುಕೊಳ್ಳಬಹುದು. ಅದನ್ನು ನೋಡುವವರು ಯಾರು? ಮನೆಯವರು, ಗೆಳತಿಯರು, ಅಂಕ ಕೊಡುವ ಅಧ್ಯಾಪಕರು. ಅಲ್ಲಿಗೆ ಮುಗಿಯಿತು.

ಪುಟವೊಂದು ಬೆಲೆಯುಳ್ಳದ್ದೆಂದು ಹುಡುಕುಯಂತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ. ಅದು ಮುಖ್ಯವಾಗಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕವೇ ಸಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ವಿಚಾರದ ತಿರುಳು ವಿದ್ವತ್ ಲೋಕಕ್ಕೆ ಹೊಸದಲ್ಲ: ಯಾವ ಪ್ರಬಂಧವನ್ನು ಹೆಚ್ಚು ಮಂದಿ ಉಲ್ಲೇಖಿಸುತ್ತಾರೋ ಅದಕ್ಕೆ ತೂಕ, ಉಲ್ಲೇಖಿಸಿದವರು ಸ್ವತಃ ತೂಕವುಳ್ಳವರಾದರೆ ಇನ್ನಷ್ಟು ತೂಕ. ಯಾರೂ ಕೊಂಡಿ ಕೊಡದ ಪುಟ ಅಟ್ಟದ ಮೇಲಿನ ತಾಳೆಗರಿಯ ಕಟ್ಟಿನಂತೆ. ಇದೆ, ಆದರೆ ಇದೆಯೆಂದು ಯಾರಿಗೂ ಗೊತ್ತಿಲ್ಲ.

ಹಾಗಿದ್ದರೆ ಬೇರೆ ತಾಣದವರನ್ನು ಕೊಂಡಿ ಕೇಳಬೇಕು. ಇಲ್ಲಿಯೇ ಕನ್ನಡದ ಹುಡುಗ ಹುಡುಗಿಯರಿಗೆ ಸಂಕೋಚ. ಮುನ್ನುಡಿಗಾಗಿ ಹಿರಿಯ ಸಾಹಿತಿಗಳ ಮನೆಗೆ ನಾಲ್ಕು ಸಲ ಅಲೆಯುವಾಗ ಇಲ್ಲದ ಸಂಕೋಚ ಇಲ್ಲಿ ಹೇಗೆ ಬಂತೋ! ಯೋಗ್ಯವಾದುದಕ್ಕೆ ಕೇಳದೆಯೇ ಕೊಂಡಿ ಸಿಗುತ್ತದೆ ಎಂಬ ವಾದವೂ ಇದೆ. ಕಣ್ಣಿಗೇ ಬೀಳದುದನ್ನು ಯೋಗ್ಯವೆಂದು ಗುರುತಿಸುವವರು ಯಾರು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ.

ಕನ್ನಡ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗೆ ಕೊಂಡಿಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕವಿರಾಜಮಾರ್ಗವು ದುರ್ವಿನೀತ, ನಾಗಾರ್ಜುನ, ಜಯಬಂಧು ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಒಂದು ಕನ್ನಡ ಕೃತಿಯೂ ದೊರೆತಿಲ್ಲ; ಕೊಂಡಿ ಉಳಿದಿದೆ, ಪುಟ ಇಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳೂ ಕಳೆದುಹೋದವು, ಮುಂದಿನ ಸಂಕಲನಕಾರರು ಎತ್ತಿಕೊಂಡ ಪದ್ಯಗಳಿಂದಲೇ ಅವುಗಳ ಗುರುತು. ಚಂಪೂ ಕಾವ್ಯಗಳ ಆರಂಭದ ಪೂರ್ವಕವಿ ಸ್ಮರಣೆಯನ್ನು ಪರೀಕ್ಷೆಗೆಂದು ಉರುಹೊಡೆಯುವವರು ಅದನ್ನು ಬರಿಯ ವಿನಯವೆಂದು ಭಾವಿಸುತ್ತಾರೆ. ಅದು ಓದುಗನಿಗೆ ತೋರಿದ ದಾರಿಯೂ ಹೌದು.

ಹಾಗೆಂದು ಕೇಳುವ ರೀತಿಗಳೆಲ್ಲ ಒಂದೇ ಅಲ್ಲ. ಜಾಲದ ಕೊಂಡಿಗೆ ಮರಾಠಿಯವರು ‘ದುವಾ’ ಎನ್ನುತ್ತಾರೆ. ಅದೇ ಉಚ್ಚಾರಕ್ಕೆ ಆ ಭಾಷೆಯಲ್ಲಿ ಹರಕೆ ಎಂಬ ಅರ್ಥವೂ ಇದೆ. ಕನ್ನಡದ ‘ಕೊಂಡಿ’ ಸರಪಳಿಯಲ್ಲೂ ಉಂಟು, ಚೇಳಿನ ಬಾಲದಲ್ಲೂ ಉಂಟು. ಒಂದೇ ಒಕ್ಕಣೆಯ ಮಿಂಚಂಚೆಯನ್ನು ನೂರಾರು ತಾಣಗಳಿಗೆ ಕಳುಹಿಸುವುದು, ಹಣ ಕೊಟ್ಟು ಕೊಂಡಿ ಕೊಳ್ಳುವುದು, ‘ನೀವು ನಮಗೆ ಕೊಟ್ಟರೆ ನಾವು ನಿಮಗೆ’ ಎಂದು ಲೆಕ್ಕದ ಮೇಲೆ ಮುಯ್ಯಿ ಮಾಡುವುದು ಎಲ್ಲವೂ ಎರಡನೆಯ ಬಗೆ. ಶ್ರೇಯಾಂಕಕ್ಕಾಗಿ ಕೊಂಡಿ ಮಾರುವುದನ್ನೂ ಕೊಳ್ಳುವುದನ್ನೂ ಗೂಗಲ್‌ನ ನಿಯಮಗಳು ನಿಷೇಧಿಸುತ್ತವೆ. 2012ರ ‘ಪೆಂಗ್ವಿನ್’ ಮಾರ್ಪಾಡಿನ ನಂತರ ಇಂಥ ತಾಣಗಳು ಹುಡುಕಾಟದಲ್ಲಿ ಕೆಳಗಿಳಿದವು. ವಿಕಿಪೀಡಿಯದ ಲೇಖನದೊಳಗೆ ತನ್ನ ತಾಣವನ್ನು ತಾನೇ ತುರುಕುವುದೂ ಸಲ್ಲ. ಆ ಲೇಖನದ ಚರ್ಚಾಪುಟದಲ್ಲಿ ಸೂಚಿಸಿ, ನಿರ್ಧಾರವನ್ನು ಇತರ ಸಂಪಾದಕರಿಗೆ ಬಿಡಬೇಕು. ಅಲ್ಲಿನ ಹೊರಕೊಂಡಿಗಳಿಗೆ ‘ನೋಫಾಲೋ’ ಗುರುತು ಇರುವುದರಿಂದ ಶ್ರೇಯಾಂಕದ ಲಾಭ ಎಣಿಸುವಂತಿಲ್ಲ. ಓದುಗರು ಬರುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ನೇರವಾದ ಕಾಗದ ಚಿಕ್ಕದಾಗಿರುತ್ತದೆ. ಬರೆಯುವ ಮೊದಲು ಎದುರಿನವರ ತಾಣವನ್ನು ಓದಿರಬೇಕು. ‘ನಿಮ್ಮ ತಾಣದಲ್ಲಿ’ ಎಂದರೆ ಸಾಲದು, ಯಾವ ಪುಟದ ಯಾವ ಭಾಗದಲ್ಲಿ ಎಂದು ತಿಳಿಸಬೇಕು. ಉಪಭಾಷೆಗಳ ಬಗೆಗಿನ ಪುಟದಲ್ಲಿ ಧಾರವಾಡ, ಮಂಗಳೂರು, ಮೈಸೂರು ಕಡೆಯ ಮಾತುಗಳ ವಿವರವಿದ್ದು ಕೊಂಗುನಾಡಿನದು ಇಲ್ಲದಿದ್ದರೆ, ಆ ಕೊರತೆಯನ್ನು ಈ ಧ್ವನಿಮುದ್ರಿಕೆ ತುಂಬುತ್ತದೆ ಎಂಬ ಒಂದು ವಾಕ್ಯ ಸಾಕು. ಆ ವಾಕ್ಯದಲ್ಲಿ ಲಾಭ ಅವರ ಓದುಗರದು. ಕೊಂಡಿಗೆ ಇಂಥದೇ ಪದ ಬಳಸಿರೆಂದು ಒತ್ತಾಯಿಸಬಾರದು. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು, ಮೂರನೆಯ ಸಲ ಬೇಡ. ಕೊಂಡಿ ದೊರೆತ ಮೇಲೆ ಪುಟದ ವಿಳಾಸ ಬದಲಿಸುವವರು ಕೊಟ್ಟವರ ಪುಟವನ್ನೂ ಕೆಡಿಸಿದಂತೆ.

ಕೇಳುವವರ ತಾಣದಲ್ಲಿ ಬೇರೆಯವರಿಗೆ ಕೊಟ್ಟ ಕೊಂಡಿ ಎಷ್ಟಿವೆ ಎಂಬುದನ್ನೂ ನೋಡಬೇಕು. ಕನ್ನಡದಲ್ಲಿ ಇದೇ ದೊಡ್ಡ ಕೊರತೆ. ಒಬ್ಬರು ದುಡಿದು ಬರೆದುದನ್ನು ಹೆಸರು ಅಳಿಸಿ ವಾಟ್ಸಾಪಿನಲ್ಲಿ ಹಂಚುವವರು, ಮೂಲದ ವಿಳಾಸವನ್ನು ಕೆಳಗೆ ಬರೆಯುವಷ್ಟು ಸೌಜನ್ಯ ತೋರುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿರುವ ನಿಘಂಟನ್ನು ಬಳಸಿ ಸೆಮಿನಾರ್ ಪ್ರಬಂಧ ಬರೆದವರೂ ಅದನ್ನು ಹೆಸರಿಸಲು ಮರೆಯುತ್ತಾರೆ. ವಿದ್ಯಾರ್ಥಿನಿಯ ಪದಪಟ್ಟಿ ಯಾವ ನಿಘಂಟುಗಳ ನೆರವಿನಿಂದ ಸಿದ್ಧವಾಯಿತೋ ಅವಕ್ಕೆ ಅವಳ ಪುಟದಿಂದ ಮೊದಲು ಕೊಂಡಿ ಹೋಗಲಿ, ಕಾಗದ ಆಮೇಲೆ.

ಆ ಕಾಗದಗಳಲ್ಲಿ ಕೆಲವು ಬೆಂಗಳೂರು, ಮೈಸೂರುಗಳಿಗೆ ಹೋಗುತ್ತವೆ. ಆದರೆ ಮುಖ್ಯವಾದದ್ದು ಹೋಗಬೇಕಾದುದು ಕೊಯಮತ್ತೂರು, ತಿರುಪ್ಪೂರು ಕಡೆಯ ದೇವಾಂಗ ಸಮುದಾಯದವರು ತಮಗಾಗಿ ನಡೆಸುವ ತಾಣಗಳಿಗೆ. ಆ ಅಜ್ಜಿಯ ಮಾತನ್ನು ಕೇಳಿದೊಡನೆ ತಮ್ಮದೆಂದು ಗುರುತಿಸುವವರು ಅಲ್ಲಿಯೇ ಇದ್ದಾರೆ. ಅವರಿಗೆ ಕಾಗದವನ್ನು ತಮಿಳಿನಲ್ಲಿ ಬರೆಸಬೇಕು, ಇಲ್ಲವೇ ಕನ್ನಡವನ್ನೇ ತಮಿಳು ಲಿಪಿಯಲ್ಲಿ ಬರೆಯಬೇಕು. ಪದಪಟ್ಟಿಗೂ ತಮಿಳು ಲಿಪಿಯ ಒಂದು ಕಾಲಂ ಸೇರಿಸಿದ ಮೇಲೆ ಆ ಕಾಗದ ಹೊರಡಬಹುದು.