ಮೊದಲು ಮರ ಅಳೆಯಿರಿ, ಆಮೇಲೆ ನಕ್ಷೆ ಬರೆಯಿರಿ

ನಮ್ಮ ಪೆನ್ನಾಗರಂ ಕಡೆ ಯಾವ ಊರಿಗೆ ಹೋದರೂ ಸಮುದಾಯ ಭವನ ಬೇಕೆಂಬ ಮಾತು ಕೇಳುತ್ತದೆ. ಬೇಡವೆನ್ನುವವರು ನಾವಲ್ಲ. ಮಗಳ ಮದುವೆಗೆ ಶಾಮಿಯಾನ, ಪಾತ್ರೆ, ಕುರ್ಚಿ ಎಂದು ಸಾಲ ಮಾಡಿದ ಪೋಷಕರನ್ನು ಕಂಡಿದ್ದೇವೆ. ಆದರೆ ಜಾಗ ಗೊತ್ತಾದ ಕೂಡಲೇ ಮೊದಲು ಬರುವುದು ಕೊಡಲಿ! ನಾವು ಬಲ್ಲ ಒಂದೂರಿನಲ್ಲಿ ಹೀಗೆ ಮೂರು ಹುಣಸೆ ಮರ ಉರುಳಿದವು. ಭವನವೇನೋ ಆಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರೊಳಗೆ ಕೂರಲಾರದೆ ಜನ ರಸ್ತೆಯಾಚೆಯ ಬೇವಿನ ಕೆಳಗೆ ಕುಳಿತಿದ್ದರು. (ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಬೇರೆಯೇ ಪುರಾಣ.)

ನಮ್ಮ ಹಿರಿಯರಿಗೆ ಅರಳಿಕಟ್ಟೆಯೇ ಸಮುದಾಯ ಭವನವಾಗಿತ್ತಲ್ಲವೇ? ನ್ಯಾಯ, ಹರಟೆ, ಹಬ್ಬದ ಲೆಕ್ಕ ಎಲ್ಲ ಅಲ್ಲೇ. ಕಟ್ಟೆಯಲ್ಲಿ ಇಲ್ಲದ್ದು ನಾಲ್ಕೇ: ಮಳೆಗೆ ಸೂರು, ಅಡುಗೆಮನೆ, ಹೆಂಗಸರಿಗೆ ಶೌಚಾಲಯ, ಸಾಮಾನಿಡಲು ಒಂದು ಕೋಣೆ. ಅಷ್ಟನ್ನು ಮಾತ್ರ ಕಟ್ಟಿ, ಉಳಿದದ್ದನ್ನು ಮರಕ್ಕೆ ಬಿಡಬಾರದೇ ಎಂಬುದು ನಮ್ಮ ಅನಿಸಿಕೆ.

ಇದು ಮೇಷ್ಟರ ಕನಸು ಎಂದು ನಗಬೇಡಿ. ತಿರುವನಂತಪುರದ ಉಳ್ಳೂರಿನಲ್ಲಿ ಲಾರಿ ಬೇಕರ್ 1970ರ ದಶಕದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟಿದ್ದು ಹೀಗೆಯೇ. ಇದ್ದ ಮರಗಳನ್ನು ಉಳಿಸಿಕೊಂಡು, ನೆಲದ ಏರುತಗ್ಗಿಗೆ ಹೊಂದಿಕೊಂಡು, ಜಾಲಂದ್ರದಂಥ ಇಟ್ಟಿಗೆ ಗೋಡೆಗಳನ್ನು ಎಬ್ಬಿಸಿದರು. ಖರ್ಚು ಕಡಿಮೆ ಮಾಡುವುದಕ್ಕೇ ಹೆಸರಾದವರು ಅವರು.

ಸಿದ್ಧ ನಕ್ಷೆ ಹಿಡಿದು ಬಂದವರಿಗೆ ಮರ ಅಡ್ಡಿಯಾಗಿ ಕಾಣುತ್ತದೆ. ಮರಗಳನ್ನೇ ಮೊದಲು ನಕ್ಷೆಯಲ್ಲಿ ಗುರುತಿಸಿದರೆ ಕಟ್ಟಡ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಕಾಂಡವನ್ನು ಬಿಟ್ಟು ಕಟ್ಟಿದರೆ ಸಾಲದು ಮಿತ್ರರೇ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇದ್ದು, ಕೊಂಬೆಯ ನೆರಳನ್ನೂ ದಾಟಿ ಹರಡಿರುತ್ತವೆ. ಉದ್ದಕ್ಕೂ ಪಾಯ ತೋಡಿದರೆ ಮರ ಕೂಡಲೇ ಸಾಯುವುದಿಲ್ಲ, ನಾಲ್ಕು ವರ್ಷ ಕೊರಗಿ ಒಣಗುತ್ತದೆ. ಅದರ ಬದಲು ಅಲ್ಲಲ್ಲಿ ಗುಂಡಿ ತೋಡಿ ಕಂಬ ನಿಲ್ಲಿಸಿ, ನೆಲದಿಂದ ಮೇಲೆ ತೊಲೆ ಹಾಯಿಸಬಹುದು. ಬುಡಕ್ಕೆ ಸಿಮೆಂಟು ಬಳಿಯುವ ಚಟವಂತೂ ನಿಲ್ಲಬೇಕು. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಸಲು ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಹುಣಸೆ ಎಲೆ ಸಣ್ಣದು, ಸಪಾಟು ತಾರಸಿಯ ನೀರುಕೊಳವೆ ಕಟ್ಟಿಕೊಳ್ಳುತ್ತದೆ. ಇಳಿಜಾರು ಮಾಡೇ ಸರಿ. ಒಣಕೊಂಬೆಗಳನ್ನು ಮಳೆಗೆ ಮುಂಚೆ ಸವರಬೇಕು. ಹಕ್ಕಿ ಹಿಕ್ಕೆ ಬೀಳುತ್ತದೆ, ಗುಡಿಸಬೇಕು.

ನಮ್ಮ ಪಕ್ಕದ ಊರಿನಲ್ಲಿ ಈಗ ಹದಿನೈದು ಸೆಂಟು ಜಾಗ ನೋಡಿದ್ದಾರೆ. ಎರಡು ಹುಣಸೆ, ಒಂದು ಬೇವು, ಎರಡು ಹೊಂಗೆ ಅಲ್ಲಿವೆ. ಏಳನೇ ತರಗತಿಯ ಮಕ್ಕಳನ್ನು ಕರೆದೊಯ್ದು ಟೇಪಿನಿಂದ ಸುತ್ತಳತೆ, ಕೋಲು ನೆಟ್ಟು ನೆರಳಿನ ಲೆಕ್ಕದಲ್ಲಿ ಎತ್ತರ ಅಳೆಸಿದೆವು. ಗಣಿತದ ಪಾಠವೂ ಆಯಿತು. ಗ್ರಾಫ್ ಹಾಳೆಯಲ್ಲಿ ಐದು ವೃತ್ತ ಬರೆದು ನಡುವೆ ಉಳಿದ ಜಾಗಕ್ಕೆ ಬಣ್ಣ ಹಚ್ಚಿದ ಹುಡುಗಿ, "ಸಾರ್, ಭವನ ಇಲ್ಲಿ ಹಿಡಿಸ್ತದೆ" ಎಂದಳು. ಅಕ್ಟೋಬರ್ 2ರ ಗ್ರಾಮಸಭೆಗೆ ಆ ಹಾಳೆಯನ್ನೇ ಮನವಿಯ ಜೊತೆ ಲಗತ್ತಿಸುತ್ತಿದ್ದೇವೆ.