ಮಾಯದ ಗಾಯಗಳೂ ಸೂಕ್ಷ್ಮ ಔಷಧಗಳೂ

ನೀರನ್ನು ತುಂಬಿಟ್ಟುಕೊಂಡು ಬಾಳುವುದು ಹುಬ್ಬಳ್ಳಿ-ಧಾರವಾಡದ ಗೃಹಿಣಿಯರಿಗೆ ಹೊಸದಲ್ಲ. ನಾಲ್ಕು ದಿನ ತಿಕ್ಕದ ಹಂಡೆಯ ಒಳಮೈಗೆ ಕೈಯಾಡಿಸಿದರೆ ಅದು ಜಾರುತ್ತದೆ. ಆ ಲೋಳೆಯು ಬರಿಯ ಹೊಲಸಲ್ಲ. ಕೋಟ್ಯವಧಿ ಸೂಕ್ಷ್ಮಜೀವಿಗಳು ಒಂದೆಡೆ ನೆಲೆಸಿ ತಮ್ಮ ಸುತ್ತಲೂ ತಾವೇ ಕಟ್ಟಿಕೊಂಡ ಪೊರೆ. ಶಾಸ್ತ್ರಜ್ಞರು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಹಂಡೆಯನ್ನಾದರೆ ತೆಂಗಿನ ನಾರಿನಿಂದ ತಿಕ್ಕಬಹುದು. ಇದೇ ಪೊರೆಯು ಮಧುಮೇಹಿಯ ಕಾಲಿನ ಹುಣ್ಣಿನಲ್ಲಿಯೋ ಮೂತ್ರದ ನಳಿಗೆಯಲ್ಲಿಯೋ ಮೊಣಕಾಲಿಗೆ ಕೂಡಿಸಿದ ಕೃತಕ ಕೀಲಿನ ಮೇಲೆಯೋ ಬೆಳೆದಾಗ ವೈದ್ಯನು ಏನು ಮಾಡತಕ್ಕದ್ದು?

ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಗಳನ್ನು ಕೊಲ್ಲುವುದಕ್ಕಿಂತ ಪೊರೆಯೊಳಗಿನವುಗಳನ್ನು ಕೊಲ್ಲಲು ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧ ಬೇಕಾಗುತ್ತದೆ. ಲೋಳೆಯು ಔಷಧವನ್ನು ಹಾದಿಯಲ್ಲಿಯೇ ತಡೆದು ಹಿಡಿಯುತ್ತದೆ. ಆಳದಲ್ಲಿರುವ ಜೀವಿಗಳು ಅರೆನಿದ್ರೆಯಲ್ಲಿರುವುದರಿಂದ, ಬೆಳೆಯುತ್ತಿರುವುದನ್ನೇ ಹೊಡೆಯುವ ಔಷಧವು ಅವುಗಳನ್ನು ತಟ್ಟುವುದಿಲ್ಲ. ಗಾಯವು ಒಣಗಿದಂತೆ ಕಂಡು ತಿಂಗಳೊಪ್ಪತ್ತಿನಲ್ಲಿ ಮತ್ತೆ ಕೀವಾಗುವುದೇಕೆ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುವುದೇಕೆ ಎಂಬುದಕ್ಕೆ ಒಂದು ಕಾರಣ ಇಲ್ಲಿದೆ.

ಈ ಕೋಟೆಯನ್ನು ಭೇದಿಸಲು ಕಂಡುಕೊಂಡ ಉಪಾಯಗಳಲ್ಲಿ ಒಂದು, ಔಷಧವನ್ನು ನ್ಯಾನೋಕಣಗಳೆಂಬ ಅತಿಸೂಕ್ಷ್ಮ ಕರಂಡಕಗಳಲ್ಲಿ ತುಂಬಿ ಒಳಗೆ ಕಳಿಸುವುದು. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಸಾಮಾನ್ಯ ಬ್ಯಾಕ್ಟೀರಿಯದ ಅಳತೆ ಸುಮಾರು 1000 ನ್ಯಾನೋಮೀಟರಾದರೆ, ಇಂಥ ಹಲವು ಕಣಗಳದು 100ರಿಂದ 300. ಅವು ಲೋಳೆಯ ಸಂದುಗಳಲ್ಲಿ ನುಸುಳಿ ಔಷಧವನ್ನು ಮೆಲ್ಲಗೆ ಬಿಡುತ್ತವೆ. ಇದು ಕಟ್ಟುಕಥೆಯಲ್ಲ. ಅಮಿಕಾಸಿನ್ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಉಸಿರಿನೊಡನೆ ಕೊಡುವ ಕ್ರಮಕ್ಕೆ, ಕ್ಷಯಾಣುವಿನ ದಾಯಾದಿಗಳಿಂದ ಬರುವ ಹಠಮಾರಿ ಪುಪ್ಪುಸರೋಗವೊಂದಕ್ಕಾಗಿ, ಅಮೆರಿಕವು 2018ರಲ್ಲಿ ಅನುಮತಿಯಿತ್ತಿತು.

ಇದಕ್ಕಾಗಿ ನಾವು ಅಮೆರಿಕದತ್ತಲೇ ನೋಡಬೇಕಾಗಿಲ್ಲ. ದೇಹದಲ್ಲಿ ತಾನಾಗಿ ಕರಗಿಹೋಗುವ ಪಾಲಿಮರಿನ ನ್ಯಾನೋಕಣಗಳನ್ನು ಔಷಧವಾಹಕಗಳನ್ನಾಗಿಸುವುದನ್ನು ಕುರಿತು ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ ಅಮ್ಮಿನಭಾವಿಯವರೂ ಸಂಗಡಿಗರೂ 2001ರಲ್ಲಿಯೇ ಪ್ರಕಟಿಸಿದ ಲೇಖನವನ್ನು ಲೋಕದ ಸಂಶೋಧಕರು ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಧಾರವಾಡದ ಫೇಡೆಯ ಕೀರ್ತಿಯನ್ನು ಬಲ್ಲ ನಮ್ಮವರಲ್ಲಿ ಈ ಕೀರ್ತಿಯನ್ನು ಬಲ್ಲವರೆಷ್ಟು ಮಂದಿ? ಇತ್ತ ಹುಬ್ಬಳ್ಳಿಯಲ್ಲಿ 1957ರಿಂದ ನಡೆದುಬಂದ, ಜನರು ಕಿಮ್ಸ್ ಎಂದೇ ಕರೆಯುವ ಸರಕಾರಿ ದವಾಖಾನೆಗೆ ಗದಗ, ಹಾವೇರಿ, ಕೊಪ್ಪಳಗಳಿಂದಲೂ ಬಡ ರೋಗಿಗಳು ಬರುತ್ತಾರೆ. ಶೋಧ ನಡೆದ ಊರಿಗೂ ಗಾಯಾಳುಗಳು ಸೇರುವ ಊರಿಗೂ ನಡುವಿನ ಅಂತರ ಸುಮಾರು 20 ಕಿಲೋಮೀಟರು.

ನ್ಯಾನೋ ಎಂಬ ಮಾತೇ ಮಂತ್ರವೆಂದು ನಾವು ನಂಬಿಲ್ಲ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಗೆದ್ದ ಬಹುತೇಕ ಕಣಗಳು ರೋಗಿಯ ಹಾಸಿಗೆಯವರೆಗೆ ಬಂದಿಲ್ಲ. ಬೆಳ್ಳಿಯ ಸೂಕ್ಷ್ಮಕಣಗಳ ಗಾಯಪಟ್ಟಿಗಳು 1990ರ ದಶಕದಿಂದ ಬಳಕೆಯಲ್ಲಿದ್ದರೂ, ಮಧುಮೇಹದ ಪಾದವ್ರಣವನ್ನು ಮಾಯಿಸಲೆಂದು ಇಂಥ ಸೂಕ್ಷ್ಮಾಣುನಾಶಕ ಪಟ್ಟಿಗಳನ್ನು ಕಟ್ಟಬೇಡಿರೆಂದು ಅಂತರರಾಷ್ಟ್ರೀಯ ತಜ್ಞಮಂಡಲಿಯು 2023ರಲ್ಲಿ ಸಲಹೆಯಿತ್ತಿದೆ. ಆದುದರಿಂದಲೇ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಔಷಧಶಾಸ್ತ್ರದ ಕಾಲೇಜುಗಳು ಮಾಯದ ಗಾಯವೊಂದನ್ನೇ ವಿಷಯವಾಗಿಟ್ಟುಕೊಂಡು ಕೂಡಿ ದುಡಿಯಬೇಕು. ರೋಗಿಯ ಸಮ್ಮತಿ ಪಡೆದು ನಿಯಮಬದ್ಧ ಪರೀಕ್ಷೆಗಳನ್ನು ನಡೆಸಬೇಕು. ಸರಕಾರವು ಅದಕ್ಕೆಂದೇ ಹಣವನ್ನು ತೆಗೆದಿರಿಸಬೇಕು.

ಕರಂಡಕವು ಎಷ್ಟು ಸೂಕ್ಷ್ಮವಾದರೂ ಒಳಗಿನ ಔಷಧದಲ್ಲಿ ಕಸುವು ಉಳಿದಿರಬೇಕಷ್ಟೆ. ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ 12 ಲಕ್ಷಕ್ಕೂ ಮಿಕ್ಕಿ ಜನರು ಸತ್ತರೆಂದು ಅಂದಾಜು. ಕೆಲವು ಪ್ರಬಲ ಪ್ರತಿಜೀವಕಗಳನ್ನು ವೈದ್ಯರ ಚೀಟಿಯನ್ನು ನೋಡಿ, ರೋಗಿಯ ಹೆಸರನ್ನು ಬರೆದಿಟ್ಟುಕೊಂಡೇ ಮಾರತಕ್ಕದ್ದೆಂಬ ನಿಯಮವು 2014ರಿಂದ ಜಾರಿಯಲ್ಲಿದೆ. ಆ ದಾಖಲೆಯನ್ನು ಮೂರು ವರ್ಷ ಕಾದಿಡಬೇಕು. ಔಷಧ ನಿಯಂತ್ರಣಾಧಿಕಾರಿಗಳು ಉಭಯ ನಗರಗಳ ಅಂಗಡಿಯಂಗಡಿಗೆ ಹೋಗಿ ಆ ಪುಸ್ತಕಗಳನ್ನು ತೆರೆಯಿಸಿ ನೋಡಲಿ, ಕಂಡುದನ್ನು ಪ್ರಕಟಿಸಲಿ.